ನಂಬರು ಕಳೆದುಕೊಂಡ ಕೋವಿ

ಇವತ್ತು ಸಂಜೆ ನನ್ನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದೆವು. ಹಾಕಿದ್ದು ಯಾರು? ಅವಳ ಅಪ್ಪ, ನನ್ನ ಅಳಿಯ! ಅವನ ಸಸ್ಪೆಂಡ್ ರದ್ದಾಗಿದೆ, ಸೋಮವಾರದಿಂದ ಪುನಃ ಡ್ಯೂಟಿಗೆ ಹಾಜರಾಗಬೇಕು ಅಂತ ಆರ್ಡರು ಬಂದಿದೆ. ಆ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡೇ ಮೂರು ಗಂಟೆಯ ಬಸ್ಸಿಗೆ ಬಂದಿಳಿದ. ಕೂಸು ಹುಟ್ಟಿ ಹನ್ನೆರಡನೇ ದಿನಕ್ಕೆ ಆಗಬೇಕಾಗಿದ್ದ ಕಾರ್ಯ ಮೂರು ತಿಂಗಳಿಗೆ ಆಯಿತು. ಆಗಲಿ. ತೊಟ್ಟಿಲಿಗೆ ಇಟ್ಟಾಗ ಕೂಸು ಅಳಲಿಲ್ಲ, ಅತ್ತದ್ದು ನಾನು. ನನ್ನವಳು ಸೆರಗಿನ ತುದಿಯನ್ನು ನನ್ನ ಕೈಗೆ ಕೊಟ್ಟು, "ಒರಸಿಕೊಳ್ಳಿ, ಜನ ನೋಡ್ತಾರೆ" ಎಂದಳು. ನೋಡಲಿ ಎಂದೆ.

ನಾನು ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟು ತಿದಿ ಹಿಡಿದವನು. ಬರೆದು ಅಭ್ಯಾಸ ಇಲ್ಲ. ಆದರೂ ಇದೊಂದನ್ನು ಬರೆದಿಡಬೇಕು ಅಂತ ಕೂತಿದ್ದೇನೆ. ಯಾಕೆಂದರೆ ಈ ಅಳಿಯನ ಕೆಲಸ ಹೋಗಲಿಕ್ಕೂ ನಾನೇ ಕಾರಣ, ವಾಪಸ್ ಬರಲಿಕ್ಕೂ ನನ್ನದು ಸ್ವಲ್ಪ ಪಾಲು ಉಂಟು. ಹೆಚ್ಚಿನ ಪಾಲು ಬೇರೆಯವರದ್ದು. ಅವರನ್ನು ನೆನೆಯದೆ ಇದ್ದರೆ ನನಗೆ ಒಳ್ಳೆಯದಾಗುವುದಿಲ್ಲ.

ಬೆಳ್ಳಾರೆ ಪೇಟೆಯ ಅಂಚಿನಲ್ಲಿ ನನ್ನ ಕುಲುಮೆ. ಕತ್ತಿ, ಹಾರೆ, ಪಿಕ್ಕಾಸು ಎಲ್ಲ ಮಾಡುತ್ತೇನೆ. ಅದರ ಜೊತೆಗೆ ಕೋವಿ ರಿಪೇರಿಯ ಲೈಸೆನ್ಸು ಉಂಟು, ಅಪ್ಪನ ಕಾಲದಿಂದಲೂ ಇದ್ದದ್ದು. ನಮ್ಮ ಕಡೆ ರೈತರ ಮನೆಗಳಲ್ಲಿ ಹಂದಿ, ಮಂಗ ಓಡಿಸಲಿಕ್ಕೆ ಇರುವುದು ಹೆಚ್ಚಾಗಿ ಕೇಪಿನ ಕೋವಿ, ಬುಡದಲ್ಲಿ ಕೇಪು ಎನ್ನುವ ಸಣ್ಣ ಸಿಡಿಯುವ ಟೊಪ್ಪಿ ಇಟ್ಟು ಹೊಡೆಯುವಂಥದ್ದು. ಅದಕ್ಕೆ ಮದ್ದಿನ ಪುಡಿ, ಸೀಸದ ಚರೆ ಎಲ್ಲ ನಳಿಗೆಯ ಬಾಯಿಯಿಂದ ಹಾಕಿ, ಗಜ ಎನ್ನುವ ಉದ್ದದ ಕೋಲಿನಿಂದ ಜಡಿಯಬೇಕು. ಅಳಿಯ ಬಸ್ಸಿನಲ್ಲಿ ಒಂದು ಗಂಟೆ ದೂರದ ಒಂದು ಠಾಣೆಯಲ್ಲಿ ರೈಟರ್. ರೈಟರ್ ಅಂದರೆ ಠಾಣೆಯ ಪುಸ್ತಕಗಳನ್ನೆಲ್ಲ ಬರೆಯುವ ಪೊಲೀಸ್.

ಹೋದ ಮಳೆಗಾಲ ಮುಗಿಯುವಾಗ ಚುನಾವಣೆ ಬಂತು. ಚುನಾವಣೆ ಬಂದರೆ ಊರಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು, ಗಲಾಟೆ ಆಗಬಾರದಲ್ಲ. ಎಲ್ಲ ಮುಗಿದ ಮೇಲೆ ವಾಪಸ್ ಕೊಡುತ್ತಾರೆ. ಆ ಸಲ ನಲವತ್ತೊಂದು ಕೋವಿ ಬಂದವು. ಇಡಲಿಕ್ಕೆ ಜಾಗ ಇಲ್ಲದೆ ಲಾಕಪ್ಪಿನ ಒಳಗೆ ಸಾಲಾಗಿ ಒರಗಿಸಿ ಬೀಗ ಹಾಕಿದರು. ಆ ಒಂದು ತಿಂಗಳು ಹಿಡಿದು ತಂದ ಕುಡುಕರೆಲ್ಲ ಜಗಲಿಯ ಬೆಂಚಿನಲ್ಲಿ ಆರಾಮ ಕೂತದ್ದನ್ನು ನಾನೇ ಕಂಡಿದ್ದೇನೆ.

ನನ್ನನ್ನು ಕರೆಸಿದ್ದು ಕೋವಿಯಲ್ಲಿ ಮದ್ದು ತುಂಬಿ ಉಂಟಾ ಅಂತ ನೋಡಲಿಕ್ಕೆ. ಕೆಲವರು ತುಂಬಿದ ಕೋವಿಯನ್ನೇ ಹೆಗಲಿಗೆ ಹಾಕಿ ಬಸ್ಸು ಹತ್ತಿ ಬಂದುಬಿಡುತ್ತಾರೆ! ನೋಡುವ ಕ್ರಮ ಸುಲಭ. ಆ ಕೋವಿಯದ್ದೇ ಗಜವನ್ನು ನಳಿಗೆಯೊಳಗೆ ಇಳಿಸಬೇಕು. ಖಾಲಿ ಇದ್ದರೆ ಗಜದ ತುದಿ ನಳಿಗೆಯ ಬಾಯಿಗೆ ಸಮ ನಿಲ್ಲುತ್ತದೆ. ಮೇಲೆ ಉಳಿದರೆ ಒಳಗೆ ಮದ್ದು ಉಂಟು ಅಂತ ಲೆಕ್ಕ. ಆಗ ತುದಿಗೆ ತಿರುಪಿರುವ ಬೇರೆ ಗಜ ಹಾಕಿ, ಒಳಗಿನ ನಾರು, ಚರೆ, ಮದ್ದು ಎಲ್ಲ ಹೊರಗೆ ಎಳೆಯಬೇಕು. ಅವತ್ತು ಐದು ಕೋವಿಯಲ್ಲಿ ಮದ್ದು ಸಿಕ್ಕಿತು. ಆರನೆಯದು ಒಂದು ಇತ್ತು, ಎಂಟು ಮೂಲೆಯ ನಳಿಗೆಯದ್ದು. ಅದರಲ್ಲಿ ಗಜ ಎರಡು ಬೆರಳು ಮೇಲೆ ನಿಂತಿತು. ತಿರುಪಿನ ಗಜ ಹಾಕಿ ಎಳೆದರೆ ಏನೂ ಬರಲಿಲ್ಲ. ಯಾರೋ ಉದ್ದದ ಗಜ ಮಾಡಿಸಿದ್ದಾರೆ ಅಂತ ಬದಿಗಿಟ್ಟೆ. ಅದರ ಯಜಮಾನ ಕಡಬದಿಂದ ಒಳಗೆ ರಬ್ಬರು, ಮರಗೆಣಸು ಮಾಡುವ ಕೇರಳದ ಕಡೆಯ ಕ್ರಿಶ್ಚಿಯನ್ ರೈತ. ಎಲ್ಲರೂ ಚೇಟ, ಅಂದರೆ ಮಲಯಾಳದಲ್ಲಿ ಅಣ್ಣ, ಎಂದೇ ಕರೆಯುವುದು. ಅವರು ಪಕ್ಕದಲ್ಲೇ ನಿಂತು ಸುಳ್ಯದ ಕಡೆಯ ಗೌಡರೊಬ್ಬರ ಜಗಳ ನೋಡುತ್ತ ನಗುತ್ತಿದ್ದರು.

ಗೌಡರಿಗೆ ಕೋವಿ ಒಪ್ಪಿಸಲಿಕ್ಕೆ ಮನಸ್ಸೇ ಇಲ್ಲ. ಭತ್ತ ತೆನೆ ಬಾಗಿದ ಸಮಯ. "ಅಲ್ಲ ಸಾರ್, ನಮಗೆ ಚುನಾವಣೆ ಸರಿ. ಹಂದಿಗೆ ಚುನಾವಣೆ ಉಂಟಾ? ಅದು ನನ್ನ ಗದ್ದೆಯಲ್ಲಿ ದಿನಾ ವೋಟು ಹಾಕಿ ಹೋಗ್ತದೆ."

ಎಸ್.ಐ. ಸಾಹೇಬರು ಘಟ್ಟದ ಮೇಲಿನವರು. "ಹಂದಿಗೂ ಒಂದು ನೋಟೀಸ್ ಬರಿಸ್ತೀನಿ ಕಣ್ರೀ ಗೌಡ್ರೇ, ಒಂದ್ ತಿಂಗ್ಳು ಊರ್ಗೆ ಬರ್ಬೇಡ ಅಂತ. ಕೋವಿ ಕೊಡಿ ಈಗ."

ಅಳಿಯ ಒಂದೊಂದಕ್ಕೂ ಪುಸ್ತಕದಲ್ಲಿ ಬರೆದು, ರಟ್ಟಿನ ಚೀಟಿಯಲ್ಲಿ ಹೆಸರು, ನಂಬರು ಹಾಕಿ ಹುರಿಹಗ್ಗದಿಂದ ಕಟ್ಟಿದ. ನಂಬರು ಅಂದರೆ ನಳಿಗೆಯ ಬುಡದಲ್ಲಿ ಉಕ್ಕಿನ ಅಚ್ಚಿನಿಂದ ಹೊಡೆದದ್ದು, ಲೈಸೆನ್ಸಿನ ಪುಸ್ತಕದಲ್ಲೂ ಅದೇ ಇರಬೇಕು. ಎದುರಿಗೆ ನಲವತ್ತು ಜನ, ಎಲ್ಲರಿಗೂ ಬಸ್ಸಿನ ಅವಸರ. ಅವನು ನಳಿಗೆ ತಿರುಗಿಸಿ ನೋಡದೆ ಲೈಸೆನ್ಸಿನಲ್ಲಿ ಇದ್ದದ್ದನ್ನೇ ಬರೆದುಕೊಂಡ. ಅದು ಅವನ ತಪ್ಪು. ದೊಡ್ಡದಲ್ಲ, ಆದರೂ ತಪ್ಪು.

ನಡುವೆ ಆಯುಧ ಪೂಜೆ ಬಂತು. ಕೋವಿ ಇದ್ದವರಿಗೆ ಅವತ್ತು ಕೋವಿಗೆ ಹೂ ಇಡದಿದ್ದರೆ ಸಮಾಧಾನ ಇಲ್ಲ. ಏಳೆಂಟು ಜನ ಠಾಣೆಗೆ ಬಂದು ಕೇಳಿದರು. ಠಾಣೆಯ ಬಂದೂಕಿಗೂ ಹೇಗೂ ಪೂಜೆ ಉಂಟು, ಇವಕ್ಕೂ ಆಗಿಹೋಗಲಿ ಎಂದರು ಸಾಹೇಬರು. ತೊಳೆದು ಎಣ್ಣೆ ಹಾಕುವ ಕೆಲಸ ನನ್ನದು. ಎಣ್ಣೆ ತಾಗಿದರೆ ಚೀಟಿಯ ಶಾಯಿ ಹೋಗುತ್ತದೆ ಅಂತ ನಾನೇ ಅಳಿಯನಿಗೆ ಹೇಳಿ, ನಲವತ್ತೊಂದು ಚೀಟಿಯನ್ನೂ ಬಿಚ್ಚಿ ತಟ್ಟೆಯಲ್ಲಿ ಹಾಕಿದೆ. ಅಂಗಳದಲ್ಲಿ ಚಾಪೆ ಹಾಸಿ ಕೋವಿ ಮಲಗಿಸಿ, ಗಂಧ, ಕುಂಕುಮ, ಕುಂಬಳಕಾಯಿ, ಎಲ್ಲ ಗಮ್ಮತ್ತಾಯಿತು. ಚಾಪೆಯ ಸುತ್ತ ಜನವೂ ಜನ. ಆಮೇಲೆ ಚೀಟಿ ಪುನಃ ಕಟ್ಟಿದ್ದೂ ನಾನೇ, ಕೋವಿಯ ಮುಖ ನೋಡಿ. ಹೆಚ್ಚಿನವು ನನ್ನ ಕೈ ದಾಟಿ ಹೋದ ಕೋವಿಗಳು, ನನಗೆ ತಪ್ಪುವುದಿಲ್ಲ. ತಪ್ಪಲೂ ಇಲ್ಲ. ಆದರೆ ಠಾಣೆಯ ವಶದಲ್ಲಿದ್ದ ಮಾಲಿನ ಚೀಟಿಯನ್ನು ಹೊರಗಿನವನೊಬ್ಬ ಬಿಚ್ಚಬಾರದು ಎಂಬ ಬುದ್ಧಿ ಅಲ್ಲಿದ್ದ ಒಬ್ಬರಿಗೂ ಬರಲಿಲ್ಲ. ಪೂಜೆ ಅಲ್ಲವಾ!

ಚುನಾವಣೆ ಮುಗಿದು ಕೋವಿ ವಾಪಸ್ ಕೊಡುವ ದಿನ ಸಾಹೇಬರು ತಾವೇ ಕುರ್ಚಿ ಹಾಕಿ ಕೂತು, ಒಂದೊಂದೇ ನಳಿಗೆಯ ನಂಬರು ಓದಿಸಿ ಲೈಸೆನ್ಸಿಗೆ ತಾಳೆ ನೋಡಿದರಂತೆ. ನಲವತ್ತು ಸರಿಯಾಯಿತು. ಚೇಟನದ್ದು ಬಂದಾಗ ನಳಿಗೆಯಲ್ಲಿ ನಂಬರೇ ಇಲ್ಲ. ಅಳಿಸಿದ ಗುರುತೂ ಇಲ್ಲ, ನುಣ್ಣಗೆ.

"ಇದು ನಂದೇ ಸಾರ್," ಎಂದರು ಚೇಟ.

"ನಿಮ್ದೇ ಆದ್ರೆ ನಂಬರ್ ಎಲ್ರೀ?"

ನಂಬರಿಲ್ಲದ ಕೋವಿ ಅಂದರೆ ಕಳ್ಳ ಕೋವಿ. ಅಂದರೆ ಲೈಸೆನ್ಸಿನ ಕೋವಿ ಠಾಣೆಯೊಳಗಿಂದ ಕಾಣೆಯಾಗಿ, ಅದರ ಜಾಗದಲ್ಲಿ ಕಳ್ಳ ಕೋವಿ ಬಂದು ಕೂತಿದೆ. ಬೀಗದ ಕೈ ಯಾರ ಹತ್ತಿರ ಇತ್ತು? ರೈಟರ ಹತ್ತಿರ. ಚೀಟಿ ಬಿಚ್ಚಿದ್ದು ಯಾರು? ರೈಟರ ಮಾವ.

ಮಾರನೇ ದಿನ ನನಗೆ ಹೇಳಿಕಳುಹಿಸಿದರು. ಸಾಹೇಬರು ಆ ಕೋವಿಯನ್ನು ಮೇಜಿನ ಮೇಲಿಟ್ಟು, "ಈ ಕಡೆ ಕೋವಿ ಎಲ್ಲ ರಿಪೇರಿ ಮಾಡೋರು ನೀವು. ಇದು ಯಾರದ್ದು ಹೇಳಿ ನೋಡಣ" ಎಂದರು. ನಾನು ಅಭ್ಯಾಸದ ಕೈಯಲ್ಲಿ ಅದರ ಗಜ ಇಳಿಸಿದೆ. ಎರಡು ಬೆರಳು ಮೇಲೆ ನಿಂತಿತು. ಆಗ ನನಗೆ ಎಲ್ಲ ನೆನಪಾಯಿತು.

ಮೂರು ವರ್ಷದ ಹಿಂದೆ ಚೇಟ ಈ ಕೋವಿ ತಂದಿದ್ದರು. ನಳಿಗೆಯ ಬುಡದಲ್ಲಿ, ಕೇಪು ಕೂರಿಸುವ ಮೊಳೆಯ ಹತ್ತಿರ, ಕೂದಲೆಳೆಯ ಬಿರುಕು. ಹಾಗೆಯೇ ಹೊಡೆದರೆ ಒಂದು ದಿನ ಮುಖಕ್ಕೇ ಸಿಡಿಯುತ್ತದೆ. ಬಿರುಕಿದ್ದ ಎರಡು ಬೆರಳು ಅಗಲವನ್ನು ಗರಗಸದಿಂದ ಕತ್ತರಿಸಿ ತೆಗೆದು, ಉಳಿದ ನಳಿಗೆಗೆ ಹೊಸದಾಗಿ ತಿರುಪು ಕೊರೆದು ಬುಡ ಮುಚ್ಚಿ, ಮೊಳೆಗೆ ಹೊಸ ತೂತು ಹಾಕಿ ಕೊಟ್ಟೆ. ನಂಬರು ಇದ್ದದ್ದು ಕತ್ತರಿಸಿದ ತುಂಡಿನಲ್ಲಿ. ಅದೇ ನಂಬರನ್ನು ಹೊಸ ಬುಡದಲ್ಲಿ ಹೊಡೆಯಬೇಕು, ಕಾನೂನು ಹಾಗೆ. ಹೊಡೆಯುವ ಮೊದಲು ಅಚ್ಚುಗಳನ್ನು ತೆಗೆದು ನೋಡಿದರೆ ಏಳರ ಅಂಕೆಯ ಅಚ್ಚಿನ ತುದಿ ಮುರಿದಿತ್ತು. ಮಂಗಳೂರಿನಿಂದ ಹೊಸದು ತರಿಸಬೇಕು. ಚೇಟನಿಗೋ ಮರಗೆಣಸಿಗೆ ಹಂದಿ ಬಿದ್ದ ಅವಸರ. ಇನ್ನೊಮ್ಮೆ ಈ ಕಡೆ ಬರುವಾಗ ತನ್ನಿ, ಹೊಡೆದು ಕೊಡುತ್ತೇನೆ ಎಂದೆ. ಅವರು ಆ ಕಡೆ ಮರೆತರು, ನಾನು ಈ ಕಡೆ ಮರೆತೆ. ನಳಿಗೆ ಎರಡು ಬೆರಳು ಗಿಡ್ಡ ಆಗಿತ್ತು, ಗಜ ಹಳೆಯದೇ ಉಳಿದಿತ್ತು. ಅದಕ್ಕೇ ಮೇಲೆ ನಿಂತದ್ದು.

ಇದನ್ನು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ನಂಬರು ಹೊಡೆಯದೆ ಕೋವಿ ಕೊಟ್ಟವನ ಲೈಸೆನ್ಸು ಹೋಗುತ್ತದೆ, ಕೇಸೂ ಆಗಬಹುದು. ಅಪ್ಪನ ಲೈಸೆನ್ಸು ನನ್ನ ಕೈಯಲ್ಲಿ ಹೋಯಿತು ಅಂತಾಗುತ್ತದೆ. "ಗೊತ್ತಾಗುದಿಲ್ಲ ಸಾರ್" ಎಂದೆ. ಅಳಿಯ ಬಾಗಿಲ ಹತ್ತಿರ ನಿಂತಿದ್ದ. ಅವನ ಮುಖ ನೋಡದೆ ಬಸ್ಸು ಹತ್ತಿದೆ.

ಅದೇ ವಾರ ಅವನನ್ನು ಸಸ್ಪೆಂಡ್ ಮಾಡಿದರು. ಚೇಟನ ಮೇಲೆ ಕಳ್ಳ ಕೋವಿಯ ಕೇಸು ಬರೆಯುವ ತಯಾರಿ ಆಯಿತು. ನಾನು ಕುಲುಮೆಯಲ್ಲಿ ಕಬ್ಬಿಣ ಕಾಯಿಸುತ್ತ ಕೂತೆ. ಹತ್ತು ದಿನ! ಆ ಹತ್ತು ದಿನದಲ್ಲಿ ಎಷ್ಟು ಕತ್ತಿ ಕೆಡಿಸಿದೆನೋ ಲೆಕ್ಕ ಇಲ್ಲ. ಒಂದಕ್ಕೂ ಸರಿಯಾಗಿ ನೀರು ಕುಡಿಸಿ ಹದ ತರಲಿಕ್ಕೆ ಆಗಲಿಲ್ಲ.

ಹತ್ತನೇ ದಿನ ಪುತ್ತೂರಿನ ಆಸ್ಪತ್ರೆಯಲ್ಲಿ ಮಗಳಿಗೆ ಹೆರಿಗೆಯಾಯಿತು. ಹೆಣ್ಣು ಕೂಸು! ನರ್ಸಮ್ಮ ತಂದು ನನ್ನ ಕೈಗೇ ಕೊಟ್ಟರು. ಸುತ್ತಿಗೆ ಹಿಡಿದು ಒರಟಾದ ಕೈ ನನ್ನದು, ಚರ್ಮಕ್ಕೆ ತಾಗೀತು ಅಂತ ಅಂಗಿಯ ತೋಳು ಎಳೆದು ಅದರ ಮೇಲೆ ಮಲಗಿಸಿಕೊಂಡೆ. ಇಷ್ಟೇ ಇಷ್ಟು ಮೂಗು, ನನ್ನ ಮಗಳದ್ದೇ. ಅಳಿಯ ಗೋಡೆಗೆ ಒರಗಿ ನಿಂತಿದ್ದ. ಎತ್ತಿಕೊ ಎಂದರೆ, "ಬೇಡ ಮಾವ, ಕೆಲಸ ಹೋದವ ನಾನು. ಈಗಲೇ ಇದರ ಕಣ್ಣಿಗೆ ಬೀಳುದು ಬೇಡ" ಎಂದ. ಸಸ್ಪೆಂಡ್ ಮುಗಿಯುವವರೆಗೆ ತೊಟ್ಟಿಲು ಶಾಸ್ತ್ರವೂ ಬೇಡ ಎಂದ.

ಅಷ್ಟು ಹೊತ್ತಿಗೆ ಯಾರು ಬಂದರು? ಚೇಟ. ಪುತ್ತೂರಿಗೆ ವಕೀಲರನ್ನು ನೋಡಲಿಕ್ಕೆ ಬಂದವರು, ರೈಟರಿಗೆ ಮಗು ಆಯಿತು ಅಂತ ಕೇಳಿ ಒಂದು ಗೊನೆ ನೇಂದ್ರ ಬಾಳೆ ಹಿಡಿದು ಬಂದಿದ್ದರು. ತನ್ನನ್ನು ಸಿಕ್ಕಿಸಿದ ಠಾಣೆಯವನ ಮಗುವಿಗೆ! ಜಗಲಿಯಲ್ಲಿ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದರು: "ಆಚಾರಿ, ಅದು ನಂದೇ ಕೋವಿ. ಅದರ ಹಿಡಿಯಲ್ಲಿ ನನ್ನ ಕೆನ್ನೆ ತಾಗಿ ತಾಗಿ ಹೊಳೆಯುದುಂಟು. ಎನ್ತಾ ಮಾಡುದು, ಯಾರೂ ನಂಬುದಿಲ್ಲ. ನಿಮ್ಮ ಅಳಿಯನೂ ಕಳ್ಳ ಅಲ್ಲ, ಅದು ನನಗೆ ಗೊತ್ತುಂಟು."

ಬೈದಿದ್ದರೆ ನಾನು ಇನ್ನೂ ಹತ್ತು ದಿನ ಬಾಯಿ ಮುಚ್ಚಿಕೊಂಡಿರುತ್ತಿದ್ದೆನೋ ಏನೋ. ಅವರು ಬೈಯಲಿಲ್ಲ. ಒಳಗಿಂದ ಕೂಸು ಅಳುವುದು ಕೇಳಿತು. ನಾನು ಎದ್ದು ನಿಂತು, ಅಳಿಯನನ್ನು ಕರೆದು, ಇಬ್ಬರ ಎದುರಿಗೂ ಎಲ್ಲ ಹೇಳಿದೆ. ಬಿರುಕು, ಗರಗಸ, ಏಳರ ಅಚ್ಚು, ಯಾವುದನ್ನೂ ಬಿಡದೆ.

ಚೇಟ ಹಣೆಗೆ ಕೈ ಹೊಡೆದುಕೊಂಡರು. "ಎಂಡೆ ದೈವಮೇ! ಹೌದಲ್ಲಾ! ಪುನಃ ತನ್ನಿ ಅಂತ ನೀವು ಹೇಳಿದ್ದು ಹೌದು! ನಾನೂ ಮೂರು ವರ್ಷ ಒಮ್ಮೆಯೂ ತಿರುಗಿಸಿ ನೋಡಲಿಲ್ಲ, ನೋಡಿ!" ಎಂದು ನಕ್ಕೇಬಿಟ್ಟರು.

ಅಳಿಯ ನಗಲಿಲ್ಲ. "ಹತ್ತು ದಿನ, ಮಾವ. ಸಾಹೇಬರು ಕೇಳುವಾಗ ನಾನು ಅಲ್ಲೇ ನಿಂತಿದ್ದೆ. ನಿಮ್ಮ ಬಾಯಲ್ಲಿ ಎಂತ ಇತ್ತು?" ಎಂದು ಚಪ್ಪಲಿ ಮೆಟ್ಟಿಕೊಂಡ. "ಇನ್ನು ನಿಮ್ಮ ಮನೆಯಲ್ಲಿ ನಾನು ಒಂದು ತುತ್ತು ಉಣ್ಣುದಿಲ್ಲ" ಎಂದು ಮೆಟ್ಟಿಲಿಳಿದು ಹೋದ.

ಆ ಮಧ್ಯಾಹ್ನವೇ ಠಾಣೆಗೆ ಹೋದೆ. ಎಸ್.ಐ. ಸಾಹೇಬರು ಪೂರ್ತಿ ಕೇಳಿ, ಪೆನ್ನು ಕೆಳಗಿಟ್ಟರು. "ಹತ್ ದಿನದ ಹಿಂದೆ ಗೊತ್ತಾಗಲ್ಲ ಅಂದ್ರಿ. ಅಳಿಯನ ಕೆಲ್ಸ ಹೋದ್ಮೇಲೆ ಗೊತ್ತಾಯ್ತಾ? ಮಾವ ಕತೆ ಕಟ್ಟವ್ನೆ ಅಂತಾರೆ ಮೇಲಿನೋರು. ಅವ್ರ ಜಾಗದಲ್ಲಿ ನಾನಿದ್ರೂ ಹಂಗೇ ಅಂತಿದ್ದೆ."

"ಸಾರ್, ನನ್ನ ಲೈಸೆನ್ಸು ಹೋಗ್ತದೆ ಅಂತ ಗೊತ್ತಿದ್ದೇ ಹೇಳುದು ನಾನು."

"ಅದು ನಂಗೆ ಅರ್ಥ ಆಗತ್ತೆ. ಕಾಗದಕ್ಕೆ ಆಗಲ್ಲ. ಕತ್ತರಿಸಿದ ತುಂಡು ಎಲ್ಲೈತೆ? ಅದನ್ನ ತೋರ್ಸಿ, ಮುಂದಿನ ಮಾತು." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, ಚೇಟನ ಮೇಲಿನ ಕೇಸನ್ನು ಎರಡು ವಾರ ತಡೆದು ಹಿಡಿಯುತ್ತೇನೆ, ಅಷ್ಟರೊಳಗೆ ಹುಡುಕಿ ಎಂದರು. ಆ ಎರಡು ವಾರ ಅವರು ಕೊಡದೆ ಇದ್ದಿದ್ದರೆ ಇವತ್ತು ನಾನು ಇದನ್ನು ಬರೆಯುತ್ತಿರಲಿಲ್ಲ.

ಕಬ್ಬಿಣದ ತುಂಡನ್ನು ಎಸೆಯುವ ಆಚಾರಿ ಇಲ್ಲ. ನಳಿಗೆಯ ತುಂಡನ್ನು ನಾನು ಕತ್ತಿಯ ಹಿಡಿಗೆ ಬಳೆ ಮಾಡುತ್ತೇನೆ. ಮರದ ಹಿಡಿ ಸೀಳದ ಹಾಗೆ ಕೊರಳಿಗೆ ಒಂದು ಬಳೆ ಬೇಕಲ್ಲ, ಅದಕ್ಕೆ. ಎಂಟು ಮೂಲೆಯ ಬಳೆ ನೋಡಲಿಕ್ಕೂ ಚಂದ, ಜನ ಕೇಳಿ ಹಾಕಿಸಿಕೊಳ್ಳುತ್ತಾರೆ. ಆ ವರ್ಷ ಅಂಥ ಬಳೆ ಹಾಕಿದ ಕತ್ತಿ ಎಷ್ಟು, ಯಾರಿಗೆ? ನಾನು ಮತ್ತು ನನ್ನವಳು ಕುಲುಮೆಯ ಕಟ್ಟೆಯಲ್ಲಿ ಕೂತು ಒಂದೊಂದೇ ಗಿರಾಕಿಯನ್ನು ನೆನಪು ಮಾಡಿದೆವು. ನನಗೆ ಕತ್ತಿ ನೆನಪಿರುತ್ತದೆ, ಅವಳಿಗೆ ಮನುಷ್ಯರು. ಮೂವರು ಸಿಕ್ಕಿದರು.

ಮೊದಲನೆಯವನು ಕೆದಂಬಾಡಿಯಲ್ಲಿ ಅಡಕೆ ಮರ ಹತ್ತುವವನು. ಬಸ್ಸಿಳಿದು ಎರಡು ಮೈಲು ನಡೆದೆ. ಮನುಷ್ಯ ಮರದ ತುದಿಯಲ್ಲಿದ್ದ, ಕತ್ತಿ ಸೊಂಟದಲ್ಲಿತ್ತು. "ಎಂತ ಆಚಾರ್ರೆ, ಕತ್ತಿಗೆ ಹೆಣ್ಣು ಕೇಳ್ಲಿಕ್ಕೆ ಬಂದದ್ದಾ?" ಎಂದು ಮೇಲಿನಿಂದಲೇ ಕೂಗಿದ. ಇಳಿದ ಮೇಲೆ ನೋಡಿದರೆ ಎಂಟು ಮೂಲೆ ಹೌದು, ನಂಬರಿಲ್ಲ. ಬೇರೆ ಯಾವುದೋ ನಳಿಗೆಯದ್ದು.

ಎರಡನೆಯವನು ಕಡಬದ ಹತ್ತಿರ ದೋಣಿ ನಡೆಸುವವನು. ಅವನ ಕತ್ತಿ ಹೋದ ಮಳೆಗಾಲದಲ್ಲೇ ಹೊಳೆಯ ಪಾಲಾಗಿತ್ತು. "ಬೇಕಾದ್ರೆ ಮುಳುಗಿ ಹುಡುಕಿ, ಜಾಗ ತೋರಿಸ್ತೇನೆ" ಎಂದ. ತಮಾಷೆಗೆ ಹೇಳಿದ್ದು, ನಾನು ನೀರನ್ನೇ ನೋಡುತ್ತ ನಿಂತುಬಿಟ್ಟೆ. ನನ್ನ ಮುಖ ನೋಡಿ ಅವನು ಬೀಡಿ ಕೊಟ್ಟ. ಚೇಟನ ತುಂಡು ಆ ಹೊಳೆಯ ತಳದಲ್ಲೇ ಇದ್ದರೆ ಎಲ್ಲ ಮುಗಿಯಿತು.

ಉಳಿದದ್ದು ಗುಂಡ್ಯ. ಘಟ್ಟ ಹತ್ತುವ ಮೊದಲು ಲಾರಿಯವರು ನಿಲ್ಲಿಸುವ ಜಾಗ, ಅಲ್ಲಿ ಒಂದು ಹೋಟೆಲು. ಅದರ ಯಜಮಾನರು ಬೆಳ್ಳಾರೆಯ ನೆಂಟರ ಮನೆಗೆ ಬಂದಿದ್ದಾಗ ನನ್ನಲ್ಲಿ ಒಂದು ಭಾರದ ಕತ್ತಿ ಮಾಡಿಸಿದ್ದರು. ನಾನು ಹೋದಾಗ ಅಡಿಗೆಯವರು ಅದೇ ಕತ್ತಿಯಲ್ಲಿ ಎಳನೀರಿನ ಬೊಂಡ ಕೆತ್ತುತ್ತಿದ್ದರು. ಒಮ್ಮೆ ಕೊಡಿ ಎಂದೆ. ಹಿಡಿಯ ಕೊರಳಿನ ಸುತ್ತ ಹೊಗೆ, ಜಿಡ್ಡು, ತೆಂಗಿನ ಕರೆ ಒಂದರ ಮೇಲೆ ಒಂದು ಮೆತ್ತಿತ್ತು. ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿದೆ. ಮೇಲಿನ ಮುಖದಲ್ಲಿ, ಜಿಡ್ಡಿನ ಅಡಿಯಲ್ಲಿ, ಅಂಕೆಗಳ ಗುಳಿ! ಕೊನೆಯದು ಏಳು.

ಉಗುರಿನಿಂದ ಕೆರೆದು ನೋಡಬೇಕು ಅಂತ ಕೈ ತುರಿಸಿತು. ಬೆರಳು ಮುಂದೆ ಹೋದದ್ದೂ ಹೌದು. ಅಲ್ಲಿಗೆ ನಿಲ್ಲಿಸಿದೆ. ನಾನು ಉಜ್ಜಿದರೆ, ಮನೆಗೆ ಕೊಂಡುಹೋಗಿ ಬಿಚ್ಚಿದರೆ, ಅಳಿಯನಿಗಾಗಿ ಮೊನ್ನೆ ಹೊಡೆದ ನಂಬರು ಎನ್ನುತ್ತಾರೆ. ಈ ಜಿಡ್ಡೇ ನನಗೆ ಸಾಕ್ಷಿ. ಪೂಜೆಯ ದಿನ ಚೀಟಿ ಬಿಚ್ಚಿದ ಕೈ ಇದು, ಇನ್ನೊಮ್ಮೆ ಅಂಥ ಕೆಲಸ ಬೇಡ.

"ಇದನ್ನು ತೊಳೆಯಬೇಡಿ, ಯಾರಿಗೂ ಕೊಡಬೇಡಿ. ಪೊಲೀಸರು ಬಂದು ಕೊಂಡುಹೋಗ್ತಾರೆ" ಎಂದೆ.

ಅಡಿಗೆಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಪೊಲೀಸರಾ? ಕೊಲೆ ಎಂತದಾದ್ರೂ ಆಗಿದೆಯಾ ಇದ್ರಲ್ಲಿ? ನಾನು ಬೊಂಡ ಬಿಟ್ರೆ ಬೇರೆ ಎಂತದನ್ನೂ ಕಡಿಯಲಿಲ್ಲ ಮಾರಾಯ್ರೆ! ಮತ್ತೆ ಕತ್ತಿ ಕೊಂಡುಹೋದ್ರೆ ನಾಳೆ ಬೊಂಡ ಕೆತ್ತುದು ಎಂತದ್ರಲ್ಲಿ, ನಿಮ್ಮ ಹಲ್ಲಲ್ಲಾ?"

ಯಜಮಾನರು ಒಳಗಿಂದ ಬಂದರು. ಅವರಿಗೆ ಎಲ್ಲ ಹೇಳಿದೆ, ಕೂಸಿನ ಸುದ್ದಿಯನ್ನೂ. ಅವರು ಕತ್ತಿಯನ್ನು ಒಂದು ಪೇಪರಿನಲ್ಲಿ ಸುತ್ತಿ, ಗಲ್ಲಾದ ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಿದರು. "ಮೊಮ್ಮಗಳು ಹುಟ್ಟಿದ್ದಾಳೆ ಅಂತೀರಿ, ಬಾಯಿ ಸಿಹಿ ಮಾಡದೆ ಹೋಗುದಾ?" ಎಂದು ಒಂದು ತಟ್ಟೆ ಹಲ್ವ ತರಿಸಿದರು.

ಮಾರನೇ ದಿನ ಎಸ್.ಐ. ಸಾಹೇಬರು ಹೆಡ್ ಕಾನ್‌ಸ್ಟೇಬಲ್ ಒಬ್ಬರನ್ನು ಗುಂಡ್ಯಕ್ಕೆ ಕಳುಹಿಸಿದರು. ಹೋಟೆಲಿನ ಮೇಜಿನ ಮೇಲೆಯೇ ಮಹಜರು ಬರೆದರು. ಊಟಕ್ಕೆ ನಿಲ್ಲಿಸಿದ್ದ ಇಬ್ಬರು ಲಾರಿ ಡ್ರೈವರುಗಳು ಸಾಕ್ಷಿ ರುಜು ಹಾಕಿದರು, ನಮ್ಮ ಗುರುತಿನವರೇ ಅಲ್ಲ. ಕತ್ತಿಯನ್ನು ಬಟ್ಟೆಯಲ್ಲಿ ಹೊಲಿದು ಅರಗಿನ ಸೀಲು ಒತ್ತಿದರು. ಅಡಿಗೆಯವರಿಗೆ ನಾನು ನನ್ನ ಸ್ವಂತದ ಕತ್ತಿ ಒಯ್ದು ಕೊಟ್ಟೆ. ಅವರು ಹೆಬ್ಬೆರಳಲ್ಲಿ ಬಾಯಿ ಸವರಿ, "ಇದು ಅದಕ್ಕಿಂತ ಒಳ್ಳೇದುಂಟು, ಅದು ಅಲ್ಲೇ ಇರ್ಲಿ" ಎಂದರು.

ವಿಚಾರಣೆ ಆದದ್ದು ಪುತ್ತೂರಿನಲ್ಲಿ, ಮೇಲಿನ ಸಾಹೇಬರೊಬ್ಬರ ಎದುರು. ಅವರು ನನ್ನ ಮಾತನ್ನು ನಂಬಲಿಕ್ಕೆ ಹೋಗಲಿಲ್ಲ, ಅದು ಅವರ ಒಳ್ಳೆಯತನ. ಮೋಟಾರು ವರ್ಕ್‌ಶಾಪಿನ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆಸಿದ್ದರು. ನಾನು ದೂರ ನಿಂತಿರಬೇಕು, ಯಾವುದನ್ನೂ ಮುಟ್ಟಬಾರದು. ಮೇಸ್ತ್ರಿ ಸೀಲು ಬಿಚ್ಚಿ, ಹಿಡಿಯ ಮರ ಸೀಳಿ ಬಳೆ ಹೊರತೆಗೆದರು. ಭೂತಗನ್ನಡಿಯಲ್ಲಿ ನೋಡಿ ಹೇಳಿದರು, "ಸಾರ್, ಅಂಕೆಯ ಗುಳಿಯ ಒಳಗೆ ಮಸಿ ಕಲ್ಲಾಗಿ ಕೂತಿದೆ. ಇದು ನಿನ್ನೆ ಮೊನ್ನೆ ಹೊಡೆದ ನಂಬರು ಅಲ್ಲ." ಆಮೇಲೆ ಕೋವಿಯ ಬುಡ ಬಿಚ್ಚಿ, ಬಳೆಯನ್ನು ನಳಿಗೆಯ ತುದಿಗೆ ಹಿಡಿದು ಮೆಲ್ಲ ತಿರುಗಿಸಿದರು. ಕೈಯಿಂದ ಅರ ಹಾಕಿದ ನಳಿಗೆ, ಮೂಲೆಗಳು ಒಂದೇ ಅಳತೆಯವಲ್ಲ. ಒಂದು ಮೂಲೆ, ಎರಡು ಮೂಲೆ. ಒಂದು ಕಡೆ ಎಂಟು ಮೂಲೆಗೂ ಎಂಟು ಮೂಲೆ ಕೂತವು, ಬಿರುಕಿನ ಗೆರೆಯ ಕೊನೆಯ ಎಳೆ ಎರಡರಲ್ಲೂ ಒಂದೇ ಸಾಲಿಗೆ ಬಂತು. ಬಿರುಕನ್ನು ಪೂರ್ತಿ ತೆಗೆದಿದ್ದೇನೆ ಅಂತ ನಾನು ತಿಳಿದಿದ್ದೆ. ಕೂದಲಿನಷ್ಟು ಉಳಿದಿತ್ತು. ಕೆಲಸಗಾರನಿಗೆ ಅದು ನಾಚಿಕೆ, ನನಗೆ ಅವತ್ತು ಅದು ವರ. ಬಳೆಯ ನಂಬರು ಚೇಟನ ಲೈಸೆನ್ಸಿನ ನಂಬರು.

ಮೇಲಿನ ಸಾಹೇಬರು ನನ್ನನ್ನು ಹತ್ತಿರ ಕರೆದರು. "ಮೊದಲ ದಿನವೇ ಹೇಳಿದ್ದರೆ ಇಷ್ಟು ಜನರಿಗೆ ತೊಂದರೆ ಆಗುತ್ತಿತ್ತಾ?"

"ಇಲ್ಲ ಸಾರ್."

"ಯಾಕೆ ಹೇಳಲಿಲ್ಲ?"

"ಹೆದರಿಕೆ ಸಾರ್."

ಅವರು ಬರೆದುಕೊಂಡರು. ನಾನು ಒಂದು ವರ್ಷ ಕೋವಿ ಮುಟ್ಟುವ ಹಾಗಿಲ್ಲ, ಲೈಸೆನ್ಸು ಅವರ ಹತ್ತಿರವೇ ಇರುತ್ತದೆ. ವರ್ಷ ಕಳೆದು ಅರ್ಜಿ ಕೊಟ್ಟರೆ ನೋಡುತ್ತಾರಂತೆ. ಪೂರ್ತಿ ತೆಗೆದುಹಾಕಬಹುದಾಗಿತ್ತು, ಹಾಕಲಿಲ್ಲ. ನಾನು ಕೈ ಮುಗಿದೆ. ಚೇಟನ ಮೇಲೆ ಕೇಸು ಆಗಲಿಲ್ಲ, ಆ ಚೂರು ಬಿರುಕನ್ನೂ ತೆಗೆಸಿ, ಮಂಗಳೂರಿನಲ್ಲಿ ನಂಬರು ಹೊಡೆಸಿ ಕೋವಿ ವಾಪಸ್ ಕೊಟ್ಟರು. ಅಳಿಯನ ಕಾಗದ ಮಾತ್ರ ಮೇಜಿನಿಂದ ಮೇಜಿಗೆ ಹೋಗಿ ಬರಲು ಇಷ್ಟು ದಿನ ಹಿಡಿಯಿತು. ನಳಿಗೆ ನೋಡದೆ ನಂಬರು ಬರೆದದ್ದಕ್ಕೆ ಅವನಿಗೊಂದು ಎಚ್ಚರಿಕೆ, ಅಷ್ಟೇ.

ಆ ಇಷ್ಟೂ ದಿನ ಅವನು ನನ್ನ ಮಗಳಿಗೆ ಕಾಗದ ಬರೆಯುತ್ತಿದ್ದ. ನನ್ನ ಮನೆಯ ಮೆಟ್ಟಿಲು ಹತ್ತಲಿಲ್ಲ. ಪುತ್ತೂರಿನ ವಿಚಾರಣೆಯ ದಿನ ಒಂದೇ ಬೆಂಚಿನಲ್ಲಿ ಕೂತರೂ ಮಾತಾಡಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಹತ್ತು ದಿನ ಅವನನ್ನು ಕಳ್ಳ ಅನ್ನಲು ಬಿಟ್ಟು ಕಬ್ಬಿಣ ಬಡಿಯುತ್ತ ಕೂತವನು ನಾನು, ಯಾವ ಬಾಯಲ್ಲಿ ಒತ್ತಾಯಿಸುವುದು?

ಇವತ್ತು ಮೂರು ಗಂಟೆಗೆ ಅವನು ಬಂದು ಅಂಗಳದಲ್ಲಿ ನಿಂತಾಗ ನಾನು ಕುಲುಮೆಯೊಳಗೇ ಉಳಿದೆ. ಮಗಳು ಕೂಸನ್ನು ತಂದು ಅವನ ಕೈಗಿಟ್ಟಳು. ಅದು ಅವನ ಮೀಸೆ ಹಿಡಿಯಿತಂತೆ! ತೊಟ್ಟಿಲ ಕಾರ್ಯ ಆಗುವಾಗ ನಾನು ಹಿಂದೆ, ಬಾಗಿಲ ಹತ್ತಿರ ನಿಂತಿದ್ದೆ. ಮಗಳು ಮೊದಲೇ ಹೇಳಿಕಳುಹಿಸಿದ್ದಕ್ಕೆ ಕಡಬದಿಂದ ಚೇಟ ಹೆಂಡತಿಯ ಜೊತೆ ಬಂದಿದ್ದರು. ಜೋಗುಳ ಹಾಡಲಿಕ್ಕೆ ನಮ್ಮ ಹೆಂಗಸರು ನಾಚಿಕೊಂಡರೆ ಆಯಮ್ಮ ಮಲಯಾಳದಲ್ಲಿ ಶುರು ಮಾಡಿಯೇ ಬಿಟ್ಟರು.

ಹೊತ್ತು ಮುಳುಗಿತು. ನನ್ನವಳು ಒಳಗೆ ಎಲೆ ಹಾಕಿದಳು. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಎಳೆ ಹಲಸಿನ ಗುಜ್ಜೆ ಪಲ್ಯ, ಕಡ್ಲೆಬೇಳೆ ಪಾಯಸ. ಎಲ್ಲರೂ ಕೂತರು. ಅಳಿಯ ಮಾತ್ರ ಎಲೆಯ ಮುಂದೆ ನಿಂತೇ ಇದ್ದ. ಅವನು ಉಣ್ಣದೆ ಹೊರಡುತ್ತಾನೆ ಎಂದುಕೊಂಡು ನಾನು ಅನ್ನದ ಪಾತ್ರೆ ಹಿಡಿದು ನೆಲ ನೋಡುತ್ತಿದ್ದೆ.

"ಮಾವ, ಎಂತ ಮಾಡ್ತಾ ಇದ್ದೀರಿ ಅಲ್ಲಿ?" ಎಂದ.

"ಬಡಿಸ್ತೇನೆ, ನೀನು ಕೂತ್ಕೊ."

"ಬಡಿಸಲಿಕ್ಕೆ ಬೇರೆಯವರು ಇದ್ದಾರೆ. ನೀವು ಇಲ್ಲಿ ಬನ್ನಿ." ತನ್ನ ಪಕ್ಕದ ಎಲೆಯನ್ನು ಸರಿಮಾಡಿದ. "ನೀವು ಕೂತ ಮೇಲೆಯೇ ನಾನು ಕೂರುದು. ಬೇಗ ಬನ್ನಿ, ನನಗೆ ಬೆಳಿಗ್ಗೆಯಿಂದ ಹಸಿವು."

ಪಾತ್ರೆಯನ್ನು ನನ್ನವಳು ಕಿತ್ತುಕೊಂಡಳು. ನಾನು ಹೋಗಿ ಕೂತೆ, ಅವನೂ ಕೂತ. ಮಗಳು ಕೂಸನ್ನು ಮಡಿಲಲ್ಲಿಟ್ಟುಕೊಂಡು ಎದುರಿಗೆ, ಚೇಟ ದಂಪತಿ ಆ ಕಡೆ. ಅಳಿಯ ಹುಳಿ ಕಲಸಿ ಮೊದಲ ತುತ್ತು ಬಾಯಿಗಿಟ್ಟು, "ಉಪ್ಪು ಸ್ವಲ್ಪ ಕಮ್ಮಿ, ಅತ್ತೆ" ಎಂದ. ಎಲ್ಲರೂ ನಕ್ಕೆವು. ನನ್ನವಳು ಉಪ್ಪು ತಂದಳು, ಬೇಕಾದವರು ಹಾಕಿಕೊಂಡೆವು. ಮಾತಿನ ನಡುವೆ ಅವನು ಎರಡು ಸಲ ಅನ್ನ ಹಾಕಿಸಿಕೊಂಡ, ನಾನು ಮೂರು ಸಲ.